ವೆಬ್‌ಸೈಟ್ ಮಾಡಿಸುತ್ತಿದ್ದೀರಾ? ಡೆಮೊ ನೋಡಿ ‘ಸುಲಭ’ ಅಂತ ನಂಬಬೇಡಿ

ನಮ್ಮದೊಂದು ಸಣ್ಣ ಬಳಗ. ಕಣ್ಣು ಮಂಜಾದವರಿಗೆ ಪುಸ್ತಕ ಓದಿ ಹೇಳುವುದು ನಮ್ಮ ಕೆಲಸ. ತಿಂಗಳಿಗೆ ಮೂರು ನಾಲ್ಕು ಸಲ ಸೇರುತ್ತೇವೆ. ಯಾವತ್ತು, ಎಷ್ಟು ಗಂಟೆಗೆ, ಯಾವ ಪುಸ್ತಕ ಅನ್ನುವುದನ್ನೆಲ್ಲ ವೆಬ್‌ಸೈಟಿನಲ್ಲಿ ಹಾಕುತ್ತೇವೆ. ಒಂದು ಭಾನುವಾರ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಬಾಗಿಲಿಗೆ ಬೀಗ ಹಾಕಿತ್ತು. ಕಾರ್ಯಕ್ರಮ ಹಿಂದಿನ ದಿನವೇ ಮುಗಿದಿತ್ತು. ಮೊಮ್ಮಗಳು ನನಗೆ ಫೋನ್ ಮಾಡಿದಳು. “ಸರ್, ಸೈಟಲ್ಲಿ ಭಾನುವಾರ ಅಂತಾನೇ ಇದೆಯಲ್ಲ?”

ನಾನು ತಕ್ಷಣ ಕಂಪ್ಯೂಟರಿನಲ್ಲಿ ಪುಟ ತೆರೆದೆ. ಶನಿವಾರ ಅಂತ ಸರಿಯಾಗಿಯೇ ಇತ್ತು. ಅವಳು ಸ್ಕ್ರೀನ್‌ಶಾಟ್ ಕಳಿಸಿದಳು. ಅದರಲ್ಲಿ ಭಾನುವಾರ. ಪುಟ ಅದೇ, ವಿಳಾಸ ಅದೇ, ದಿನ ಮಾತ್ರ ಬೇರೆ. ಹಳೆಯ ಕ್ಯಾಶ್ (ಬ್ರೌಸರ್ ಉಳಿಸಿಕೊಂಡ ಪುಟದ ಹಳೆಯ ಪ್ರತಿ) ಉಳಿದಿರಬೇಕು ಅಂದುಕೊಂಡು ಎಲ್ಲ ಅಳಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಕೊನೆಗೆ ನನ್ನ ಮೊಬೈಲಿನಲ್ಲೇ ತೆರೆದಾಗ ಭಾನುವಾರ ಕಂಡಿತು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ನಮ್ಮ ಸೈಟ್ ಇರುವುದು, ಸೈಟ್ ಕಟ್ಟಿ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ. ಅದರ ಮೇಲೆ ಒಂದು ಪೇಜ್ ಬಿಲ್ಡರ್ ಪ್ಲಗಿನ್ (ಹೆಚ್ಚುವರಿ ಜೋಡಣೆ) ಹಾಕಿಸಿಕೊಂಡಿದ್ದೆವು. ಬೇಕಾದ ಡಬ್ಬಿಯನ್ನು ಮೌಸ್‌ನಲ್ಲಿ ಹಿಡಿದು, ಎಳೆದು, ಬೇಕಾದ ಜಾಗದಲ್ಲಿ ಕೂರಿಸುವ ಸಾಧನ ಅದು. ಪ್ರತಿ ಡಬ್ಬಿಗೂ ‘ಮೊಬೈಲಿನಲ್ಲಿ ಅಡಗಿಸು’, ‘ಕಂಪ್ಯೂಟರಿನಲ್ಲಿ ಅಡಗಿಸು’ ಅಂತ ಎರಡು ಸ್ವಿಚ್ ಇರುತ್ತವೆ. ಸೈಟ್ ಕಟ್ಟಿಕೊಟ್ಟವರಿಗೆ ದಿನಾಂಕದ ಡಬ್ಬಿ ಸಣ್ಣ ಪರದೆಯಲ್ಲಿ ಚೆನ್ನಾಗಿ ಕೂರಲಿಲ್ಲ. ಅದಕ್ಕೆ ಅವರು ಆ ಡಬ್ಬಿಯ ಇನ್ನೊಂದು ನಕಲು ಮಾಡಿ, ಒಂದನ್ನು ಕಂಪ್ಯೂಟರಿಗೆ, ಇನ್ನೊಂದನ್ನು ಮೊಬೈಲಿಗೆ ಇಟ್ಟುಬಿಟ್ಟಿದ್ದರು. ಮುಂದೆ ಹೊಸ ಕಾರ್ಯಕ್ರಮ ಹಾಕಬೇಕಾದಾಗಲೆಲ್ಲ ಅದೇ ಪುಟವನ್ನು ನಕಲು ಮಾಡಿಕೊಳ್ಳುವುದು ನಮಗೆ ರೂಢಿಯಾಯಿತು. ಹಾಗಾಗಿ ಎಲ್ಲ ಪುಟದಲ್ಲೂ ದಿನಾಂಕ ಎರಡು ಕಡೆ. ಒಂದನ್ನು ತಿದ್ದಿದರೆ ಇನ್ನೊಂದು ತನ್ನ ಪಾಡಿಗೆ ತಾನು ಹಳೆಯದಾಗಿಯೇ ಇರುತ್ತದೆ.

ದಿನಾಂಕ ತಿದ್ದಿದವರು ನಮ್ಮ ಬಳಗದ ಹಿರಿಯರು. ನಾವೆಲ್ಲ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇವೆ. ಅವರು ಪುಟ ತೆರೆದು, ಭಾನುವಾರವನ್ನು ಶನಿವಾರ ಮಾಡಿ, ಸೇವ್ ಮಾಡಿ, ಮತ್ತೊಮ್ಮೆ ತೆರೆದು ಕಣ್ಣಾರೆ ನೋಡಿ ಕಂಪ್ಯೂಟರ್ ಮುಚ್ಚಿದ್ದರು. ಇದಕ್ಕಿಂತ ಜಾಸ್ತಿ ಯಾರು ತಾನೇ ಏನು ಮಾಡಲು ಸಾಧ್ಯ? ಆದರೂ ಅಜ್ಜಿ ಬಂದು ವಾಪಸ್ ಹೋದ ಸುದ್ದಿ ಕೇಳಿ ಅವರು ತುಂಬಾ ನೊಂದುಕೊಂಡರು. “ನನಗೆ ವಯಸ್ಸಾಯ್ತು, ಇದು ನನ್ನ ಕೈಲಿ ಆಗಲ್ಲ ಬಿಡಪ್ಪಾ” ಅಂದರು. ಅದಾದ ಮೇಲೆ ಎರಡು ತಿಂಗಳು ಅವರು ಸೈಟ್ ಮುಟ್ಟಲಿಲ್ಲ. ನನಗೆ ಇಡೀ ಪ್ರಕರಣದಲ್ಲಿ ಜಾಸ್ತಿ ಬೇಜಾರಾದದ್ದು ಇದೇ. ತಪ್ಪು ಇದ್ದದ್ದು ಸಾಧನದಲ್ಲಿ, ಅದನ್ನು ಆರಿಸಿದ ನಮ್ಮಲ್ಲಿ. ತಲೆ ತಗ್ಗಿಸಿದ್ದು ಮಾತ್ರ ಮೇಷ್ಟ್ರು.

ಇದನ್ನು ನಾವು ಆರಿಸಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನೀವೂ ಹಾಗೇ ಆರಿಸುವ ಸಾಧ್ಯತೆ ಇದೆ. ಒಬ್ಬರು ಬಂದು ಅರ್ಧ ಗಂಟೆ ಡೆಮೊ ತೋರಿಸಿದರು. ಖಾಲಿ ಪುಟ ತೆಗೆದರು. ಫೋಟೊ ಎಳೆದು ಹಾಕಿದರು, ಬಣ್ಣ ಬದಲಿಸಿದರು, ಪಕ್ಕದಲ್ಲಿ ಎರಡು ಕಾಲಂ ಮಾಡಿದರು. ಹತ್ತು ನಿಮಿಷದಲ್ಲಿ ಚೆಂದದ ಪುಟ ಸಿದ್ಧ. ನಮಗೆಲ್ಲ ಖುಷಿಯಾಯಿತು. ನಾನೇ ಮೊದಲು “ಇದೇ ಇರಲಿ” ಅಂದವನು. ಆದರೆ ನಮ್ಮ ನಿಜವಾದ ಕೆಲಸ ಖಾಲಿ ಪುಟದಿಂದ ಶುರುವಾಗುವುದೇ ಇಲ್ಲ. ಇರುವ ಪುಟದಲ್ಲಿ ಒಂದು ದಿನಾಂಕ ತಿದ್ದಬೇಕು, ಒಂದು ಫೋನ್ ನಂಬರ್ ಬದಲಿಸಬೇಕು, ಅಷ್ಟೇ. ಅದೂ ಮೂರು ವಾರ ಸೈಟ್ ಕಡೆ ತಲೆ ಹಾಕದೆ ಇದ್ದು, ಆಮೇಲೆ ಬಂದು ಮಾಡಬೇಕು. ಅದನ್ನು ಡೆಮೊದಲ್ಲಿ ಯಾರೂ ತೋರಿಸಲಿಲ್ಲ. ನಾವೂ ಕೇಳಲಿಲ್ಲ.

ಬಳಸಲು ಸುಲಭ ಅನ್ನುವ ಮಾತಿಗೆ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ ಅಂತ ನನಗೆ ಆಮೇಲೆ ತಿಳಿಯಿತು. ಅದರ ಹೆಸರು ಐಎಸ್‌ಒ 9241-11. 1998ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆ ಆಗಿದೆ. ಒಂದು ಸಾಧನ ಸುಲಭವೋ ಅಲ್ಲವೋ ಅಂತ ಸುಮ್ನೆ ಹೇಳಲು ಬರುವುದಿಲ್ಲ ಅನ್ನುತ್ತದೆ ಅದು. ಯಾರು ಬಳಸುತ್ತಾರೆ, ಯಾವ ಕೆಲಸಕ್ಕೆ, ಯಾವ ಸಂದರ್ಭದಲ್ಲಿ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಆಮೇಲೆ ಮೂರು ವಿಷಯ ನೋಡಬೇಕು: ಕೆಲಸ ಸರಿಯಾಗಿ ಮುಗಿಯಿತಾ, ಎಷ್ಟು ಶ್ರಮ ಹಿಡಿಯಿತು, ಮಾಡಿದವರಿಗೆ ಸಮಾಧಾನ ಆಯಿತಾ. ನಮ್ಮ ಬಿಲ್ಡರ್ ಡಿಸೈನ್ ಮಾಡುವವರಿಗೆ ನಿಜಕ್ಕೂ ಸುಲಭವಾಗಿತ್ತು. ಮೇಷ್ಟ್ರಿಗೆ ಅಲ್ಲ.

ಅಜ್ಜಿಯ ಘಟನೆ ಆದ ಮೇಲೆ ಕೂತು ಎಲ್ಲ ಪುಟ ತೆಗೆದು ನೋಡಿದೆ. 140 ಕಾರ್ಯಕ್ರಮದ ಪುಟಗಳಲ್ಲಿ 9ರಲ್ಲಿ ಎರಡು ಡಬ್ಬಿಯ ದಿನಾಂಕ ಬೇರೆ ಬೇರೆ ಇತ್ತು. ಹಿಂದೆ ಎಷ್ಟು ಜನ ಹೀಗೆ ಬಂದು ಬೀಗ ನೋಡಿಕೊಂಡು ಹೋದರೋ. ಫೋನ್ ನಂಬರಿನ ಕಥೆ ಇನ್ನೊಂದು. ನಮ್ಮ ನಂಬರ್ ಬದಲಾದಾಗ 37 ಪುಟದಲ್ಲಿ ಒಂದೊಂದಾಗಿ ತಿದ್ದಿದ್ದೆವು. ಮೊಬೈಲಿನ ಡಬ್ಬಿ ಅಂತ ಒಂದು ಇದೆ ಎಂಬುದೇ ಆಗ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ಒಂದೇ. ದಿನಾಂಕವನ್ನು ನಾವು ದಿನಾಂಕ ಅಂತ ಎಲ್ಲೂ ತುಂಬಿರಲೇ ಇಲ್ಲ. ಡಬ್ಬಿಯೊಳಗೆ ಬರೀ ಅಕ್ಷರವಾಗಿ ಟೈಪ್ ಮಾಡಿದ್ದೆವು. ಅದು ದಿನಾಂಕ ಅಂತ ಸೈಟಿಗೆ ಗೊತ್ತೇ ಇಲ್ಲ. ಹಾಗಾಗಿ ಮುಂದಿನ ಕಾರ್ಯಕ್ರಮಗಳ ಪಟ್ಟಿ ತಾನಾಗಿ ಬರುವಂತೆ ಮಾಡಲು ಆಗಲಿಲ್ಲ. ಮುಗಿದ ಕಾರ್ಯಕ್ರಮ ತಾನಾಗಿ ಕೆಳಗೆ ಇಳಿಯಲೂ ಇಲ್ಲ. ವರ್ಡ್‌ಪ್ರೆಸ್‌ನಲ್ಲಿ ‘ಕಾರ್ಯಕ್ರಮ’ ಅಂತಲೇ ಒಂದು ಬೇರೆ ಬಗೆಯ ಬರಹ ಮಾಡಿಕೊಂಡು, ಅದಕ್ಕೆ ದಿನಾಂಕ, ಸಮಯ, ಸ್ಥಳ ಅಂತ ಪ್ರತ್ಯೇಕ ಖಾನೆ ಇಡಬಹುದು. 2010ರಲ್ಲಿ ಬಂದ 3.0 ಆವೃತ್ತಿಯಿಂದಲೂ ಆ ಸೌಲಭ್ಯ ಇದೆ. ಖಾನೆಯಲ್ಲಿ ಒಮ್ಮೆ ತುಂಬಿದರೆ ಕಂಪ್ಯೂಟರಿರಲಿ, ಮೊಬೈಲಿರಲಿ, ಎಲ್ಲ ಕಡೆ ಅದೇ ಕಾಣುತ್ತದೆ. ನೋಡಲು ಅದು ಬರೀ ಅರ್ಜಿ ನಮೂನೆಯ ಹಾಗಿರುತ್ತದೆ, ಡೆಮೊದಲ್ಲಿ ಯಾರ ಕಣ್ಣನ್ನೂ ಸೆಳೆಯುವುದಿಲ್ಲ. ಆದರೆ ಮೇಷ್ಟ್ರಿಗೆ ಬೇಕಾಗಿದ್ದದ್ದು ಅದೇ.

ಸರಿ, ಬಿಲ್ಡರ್ ತೆಗೆದುಬಿಡೋಣ ಅಂತ ತೀರ್ಮಾನ ಮಾಡಿದೆವು. ಎರಡನೇ ಪೆಟ್ಟು ಬಿದ್ದದ್ದು ಅಲ್ಲಿ. ಸೈಟಿನ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ಪ್ಲಗಿನ್ ನಿಲ್ಲಿಸಿ, ಒಂದು ಪುಟ ತೆರೆದೆ. ಕಂಡದ್ದು ಇದು:

[ರೋ][ಕಾಲಂ ವಿಡ್ತ್="1/2"][ಟೆಕ್ಸ್ಟ್ ಹೈಡ್="ಮೊಬೈಲ್"]ಶನಿವಾರ ಸಂಜೆ 5 ಗಂಟೆಗೆ[/ಟೆಕ್ಸ್ಟ್][ಟೆಕ್ಸ್ಟ್ ಹೈಡ್="ಡೆಸ್ಕ್‌ಟಾಪ್"]ಭಾನುವಾರ ಸಂಜೆ 5 ಗಂಟೆಗೆ[/ಟೆಕ್ಸ್ಟ್][/ಕಾಲಂ][/ರೋ]

ಓದಲು ಅನುಕೂಲವಾಗಲಿ ಅಂತ ನಾನಿಲ್ಲಿ ಕನ್ನಡ ಲಿಪಿಯಲ್ಲಿ, ಚಿಕ್ಕದು ಮಾಡಿ ಕೊಟ್ಟಿದ್ದೇನೆ. ನಿಜವಾಗಿ ಇದರ ಹತ್ತು ಪಟ್ಟು ಉದ್ದ ಇತ್ತು. ಇವುಗಳಿಗೆ ಶಾರ್ಟ್‌ಕೋಡ್ ಅನ್ನುತ್ತಾರೆ. ಪ್ಲಗಿನ್ ಇರುವ ತನಕ ಇವು ಕಾಲಂ, ಬಟನ್, ಚಿತ್ರ ಆಗಿ ಕಾಣುತ್ತವೆ. ಪ್ಲಗಿನ್ ನಿಲ್ಲಿಸಿದ ಕೂಡಲೇ ಚೌಕದ ಆವರಣಗಳೆಲ್ಲ ಓದುಗರ ಮುಂದೆ ಬಂದು ಬೀಳುತ್ತವೆ. ಎಲ್ಲ ಬಿಲ್ಡರ್‌ಗಳೂ ಇದೇ ರೀತಿ ಇಡುವುದಿಲ್ಲ, ಕೆಲವು ಬೇರೆ ಕಡೆ ಬೇರೆ ರೂಪದಲ್ಲಿ ಇಡುತ್ತವೆ. ಆದರೆ ಆರಿಸುವ ಮೊದಲು ಇದನ್ನು ಕೇಳಲೇಬೇಕು. 2018ರ ಡಿಸೆಂಬರ್‌ನಲ್ಲಿ 5.0 ಆವೃತ್ತಿಯ ಜೊತೆ ಬಂದ ವರ್ಡ್‌ಪ್ರೆಸ್‌ನ ಸ್ವಂತ ಬ್ಲಾಕ್ ಎಡಿಟರ್ ಗುರುತುಗಳನ್ನು ಎಚ್‌ಟಿಎಂಎಲ್ ಕಾಮೆಂಟ್ (ಪುಟದ ಕೋಡಿನೊಳಗಿನ ಟಿಪ್ಪಣಿ) ಆಗಿ ಇಡುತ್ತದೆ. ಬ್ರೌಸರ್ ಅವನ್ನು ತೋರಿಸುವುದಿಲ್ಲ. ಹಾಗಾಗಿ ನಾಳೆ ಆ ಎಡಿಟರ್ ಬಿಟ್ಟರೂ ನಿಮ್ಮ ಬರಹ ಬರಹವಾಗಿಯೇ ಉಳಿಯುತ್ತದೆ.

ಎಕ್ಸ್‌ಪೋರ್ಟ್ (ಸೈಟಿನ ಬರಹಗಳನ್ನೆಲ್ಲ ಒಂದು ಫೈಲಾಗಿ ಹೊರತೆಗೆಯುವುದು) ಸೌಲಭ್ಯ ಇದೆಯಲ್ಲ, ಅದು ಕೈ ಹಿಡಿಯುತ್ತದೆ ಅಂದುಕೊಂಡಿದ್ದೆ. ಅದರಲ್ಲಿ ಸಿಗುವ ಎಕ್ಸ್‌ಎಂಎಲ್ ಫೈಲಿನಲ್ಲೂ ಇದೇ ಆವರಣಗಳು ಇದ್ದವು. ಅದರಲ್ಲಿ ಚಿತ್ರಗಳೂ ಇರುವುದಿಲ್ಲ, ಚಿತ್ರ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಇರುತ್ತದೆ. ಹೊಸ ಸೈಟಿಗೆ ತರುವಾಗ ಹಳೆಯ ಸೈಟಿನಿಂದಲೇ ಚಿತ್ರ ಇಳಿಸಿಕೊಳ್ಳಬೇಕು. ಆತುರದಲ್ಲಿ ಹಳೆಯದನ್ನು ಮೊದಲೇ ಮುಚ್ಚಿದರೆ ಚಿತ್ರಗಳ ಆಸೆ ಬಿಟ್ಟಂತೆಯೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಸೈಟ್ ಕಟ್ಟಿದವರು ನಮ್ಮ ಆರೂ ಜನರಿಗೆ ಅಡ್ಮಿನ್ ಲಾಗಿನ್ ಕೊಟ್ಟಿದ್ದರು, “ಇಲ್ಲದಿದ್ದರೆ ಬಿಲ್ಡರ್ ತೆರೆಯಲ್ಲ” ಅಂತ. ವರ್ಡ್‌ಪ್ರೆಸ್‌ನಲ್ಲಿ ಅಡ್ಮಿನ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಅಂತ ಐದು ದರ್ಜೆ ಇವೆ. ಬರೀ ಬರಹ ಹಾಕುವವರಿಗೆ ಆಥರ್ ಸಾಕು. ಅಡ್ಮಿನ್ ಕೈಯಲ್ಲಿದ್ದರೆ ಥೀಮ್, ಪ್ಲಗಿನ್ ಎಲ್ಲ ಕೈಗೆ ಎಟಕುತ್ತವೆ. ಒಮ್ಮೆ ಮೇಷ್ಟ್ರ ಮೌಸ್ ಸ್ವಲ್ಪ ಜಾರಿ ಮುಖಪುಟದ ಇಡೀ ಒಂದು ಸಾಲು ಕೆಳಗೆ ಹೋಗಿ ಕೂತಿತು. ಹಿಂದಿನ ಆವೃತ್ತಿಗೆ ಹೋಗೋಣ ಅಂದರೆ ಹಳೆಯ ಪ್ರತಿಗಳೇ ಇಲ್ಲ. ವರ್ಡ್‌ಪ್ರೆಸ್ ತಾನಾಗಿ ಪ್ರತಿ ತಿದ್ದುಪಡಿಯ ಹಳೆಯ ಪ್ರತಿ ಇಟ್ಟುಕೊಳ್ಳುತ್ತದೆ. ಡೇಟಾಬೇಸ್ ದೊಡ್ಡದಾಗುತ್ತದೆ ಅಂತ ಅದನ್ನೇ ಆಫ್ ಮಾಡಿದ್ದರು. ತಪ್ಪು ಮಾಡಿದರೂ ವಾಪಸ್ ಬರಬಹುದು ಅನ್ನುವ ಧೈರ್ಯ ಇದ್ದರೆ ತಾನೇ ಹೊಸಬರು ಕೈ ಹಾಕುವುದು? ನನ್ನ ಮಟ್ಟಿಗೆ ಆ ಧೈರ್ಯ ಕೊಡದ ಸಾಧನ ಎಷ್ಟು ಚೆಂದ ಇದ್ದರೂ ಸುಲಭ ಅಲ್ಲ.

ನಮ್ಮ ಓದುಗರಲ್ಲಿ ಎಷ್ಟೋ ಜನ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುತ್ತಾರೆ. ಅವರು ಪುಟದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾ ಬೇಕಾದ ಭಾಗಕ್ಕೆ ಹೋಗುತ್ತಾರೆ. ನಾವು ಬಿಲ್ಡರ್‌ನಲ್ಲಿ ಅಕ್ಷರವನ್ನು ದೊಡ್ಡದು, ದಪ್ಪ ಮಾಡಿ ಅದೇ ಶೀರ್ಷಿಕೆ ಅಂದುಕೊಂಡಿದ್ದೆವು. ಕಣ್ಣಿಗೆ ಅದು ಶೀರ್ಷಿಕೆ, ಸ್ಕ್ರೀನ್ ರೀಡರ್‌ಗೆ ಬರೀ ಮಾಮೂಲಿ ಸಾಲು. ಬರೆಯುವ ಸಾಧನಗಳು ಇಂಥ ಕಡೆ ಬರೆಯುವವರಿಗೆ ನೆರವಾಗಬೇಕು ಅಂತ ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯೂ3ಸಿ 2015ರಲ್ಲೇ ಎಟಿಎಜಿ 2.0 ಅನ್ನುವ ಮಾರ್ಗಸೂಚಿ ಕೊಟ್ಟಿದೆ. ಕಣ್ಣು ಕಾಣದವರಿಗಾಗಿ ಇರುವ ಬಳಗವಾಗಿ ನಾವು ಇದನ್ನು ಮೊದಲ ದಿನವೇ ಕೇಳಬೇಕಿತ್ತು. ಕೇಳದೇ ಇದ್ದದ್ದಕ್ಕೆ ನನಗೆ ಈಗಲೂ ನೋವಿದೆ.

ಕನ್ನಡದಲ್ಲಿ ತಲೆಬರಹ ಕೊಡುವವರಿಗೆ ಒಂದು ಮಾತು. ಪುಟದ ವಿಳಾಸ ತಲೆಬರಹದಿಂದಲೇ ಹುಟ್ಟುತ್ತದೆ. ಅದರೊಳಗೆ ಒಂದೊಂದು ಕನ್ನಡ ಚಿಹ್ನೆಯೂ ಸಂಕೇತವಾಗಿ ಬದಲಾಗಿ, ಶೇಕಡಾ (%) ಗುರುತುಗಳ ಸಮೇತ 9 ಅಕ್ಷರದಷ್ಟು ಜಾಗ ತಿನ್ನುತ್ತದೆ. ಗುಣಿತದ, ಒತ್ತಿನ ಚಿಹ್ನೆಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ವರ್ಡ್‌ಪ್ರೆಸ್ ಆ ಭಾಗಕ್ಕೆ ಇಟ್ಟಿರುವ ಮಿತಿ 200. ಅಂದರೆ 22 ಚಿಹ್ನೆ ಆಗುವಷ್ಟರಲ್ಲಿ ಕತ್ತರಿ ಬೀಳುತ್ತದೆ. ನಮ್ಮ ಎಲ್ಲ ಕಾರ್ಯಕ್ರಮದ ಹೆಸರೂ ಒಂದೇ ರೀತಿ ಶುರುವಾಗುತ್ತಿದ್ದವು. ಹಾಗಾಗಿ ವಿಳಾಸಗಳೂ ಒಂದೇ ಥರ ಆಗಿ, ಕೊನೆಗೆ 2, 3, 4 ಅಂತ ಅಂಕಿ ಅಂಟಿಕೊಂಡಿತ್ತು. ಯಾವ ಕೊಂಡಿ ಯಾವ ಪುಟದ್ದು ಅಂತ ಹೊಂದಿಸುವುದಕ್ಕೇ ಮೂರು ಸಂಜೆ ಹೋಯಿತು. ಪ್ರಕಟಿಸುವ ಮೊದಲೇ ವಿಳಾಸವನ್ನು ಕೈಯಾರೆ ಚಿಕ್ಕದು ಮಾಡಿಕೊಳ್ಳಿ.

ನೀವು ಈಗ ಸೈಟ್ ಮಾಡಿಸುತ್ತಿದ್ದರೆ, ಡೆಮೊ ತೋರಿಸುವವರ ಕೈಯಿಂದ ಮೌಸ್ ತೆಗೆದುಕೊಳ್ಳಿ. ನಿಮ್ಮಲ್ಲಿ ಕಂಪ್ಯೂಟರ್ ಕಡಿಮೆ ಬಳಸುವವರು ಯಾರಿದ್ದಾರೋ ಅವರ ಕೈಗೆ ಕೊಡಿ. “ಈ ಕಾರ್ಯಕ್ರಮದ ದಿನಾಂಕ ಬದಲಿಸಿ” ಅಂತ ಹೇಳಿ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಅವರು ಎಲ್ಲಿ ನಿಂತರು, ಎಲ್ಲಿ ತಡವರಿಸಿದರು ನೋಡಿ. ಆಮೇಲೆ ಅದನ್ನೇ ಮೊಬೈಲಿನಲ್ಲಿ ತೆರೆದು ನೋಡಿ. ಎರಡು ಮೂರು ವಾರ ಬಿಟ್ಟು ಅದೇ ಕೆಲಸ ಇನ್ನೊಮ್ಮೆ ಮಾಡಿಸಿ. ಬೇಕಂತಲೇ ಒಂದು ತಪ್ಪು ಮಾಡಿ, ವಾಪಸ್ ಬರುವುದು ಹೇಗೆ ಅಂತ ಕೇಳಿ. ಮುಖ್ಯವಾಗಿ, ಸೈಟಿನ ಒಂದು ಪ್ರತಿ ಮಾಡಿಸಿ ಅದರಲ್ಲಿ ಬಿಲ್ಡರ್ ನಿಲ್ಲಿಸಲು ಹೇಳಿ. ಆಗ ಪುಟ ಹೇಗೆ ಕಾಣುತ್ತದೆ ಅಂತ ನಿಮ್ಮ ಕಣ್ಣಿನಿಂದಲೇ ನೋಡಿ. ಹಣ ಕೊಡುವುದು ಇಷ್ಟೆಲ್ಲ ಆದ ಮೇಲೆ ಇರಲಿ. ಇದನ್ನು ತೋರಿಸಲು ಹಿಂದೇಟು ಹಾಕುವವರಾದರೆ ಅಲ್ಲಿಂದಲೇ ಎದ್ದು ಬನ್ನಿ.

ಬಿಲ್ಡರ್‌ಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದೇ ಪುಟದ ಸೈಟ್, ವರ್ಷಕ್ಕೊಮ್ಮೆ ಬದಲಾಗುವಂಥದ್ದು, ಡಿಸೈನ್ ಗೊತ್ತಿರುವ ಒಬ್ಬರೇ ನೋಡಿಕೊಳ್ಳುವುದಾದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ವಾರ ವಾರ ಮಾಹಿತಿ ಬದಲಾಗುವ, ನಾಲ್ಕಾರು ಜನ ಕೈ ಹಾಕುವ ಸೈಟಿಗೆ ಮಾತ್ರ ಹಾಕಿಸಬೇಡಿ.

ನಾವೀಗ ಕೈಯಾರೆ ಒಂದೊಂದೇ ಪುಟ ಹೊಸ ನಮೂನೆಗೆ ತರುತ್ತಿದ್ದೇವೆ. ಆವರಣಗಳನ್ನು ಅಳಿಸಬೇಕು, ಎರಡು ದಿನಾಂಕದಲ್ಲಿ ಯಾವುದು ನಿಜ ಅಂತ ಹಳೆಯ ಡೈರಿ ನೋಡಿ ಖಚಿತ ಮಾಡಿಕೊಳ್ಳಬೇಕು, ಆಮೇಲೆ ಖಾನೆಯಲ್ಲಿ ತುಂಬಬೇಕು. ಮೇಷ್ಟ್ರು ಮತ್ತೆ ಬಂದಿದ್ದಾರೆ. ಹೊಸ ನಮೂನೆಯಲ್ಲಿ ಮೊದಲ ಸಲ ದಿನಾಂಕ ಬದಲಿಸಿ, ತಮ್ಮ ಮೊಬೈಲ್ ತೆಗೆದು ನೋಡಿ, ಪಕ್ಕದಲ್ಲಿದ್ದ ನನ್ನ ಮೊಬೈಲಿನಲ್ಲೂ ತೆಗೆಸಿ ನೋಡಿದರು. ಎರಡರಲ್ಲೂ ಒಂದೇ ದಿನ ಇತ್ತು. ಇನ್ನೂ 41 ಪುಟ ಬಾಕಿ ಇವೆ.