ಗಾಳಿಯ ದಿನಗಳಲ್ಲಿ 60 ಸೆಂ.ಮೀ. ನೈಲಾನ್ ಪ್ಯಾರಾಶೂಟ್: ಎರಡು ವರ್ಷಗಳ ಬಳಕೆಯ ನಂತರ

ಗದಗ ಜಿಲ್ಲೆಯ ನಮ್ಮ ಪ್ರೌಢಶಾಲೆಯ ವಿಜ್ಞಾನ ಸಂಘಕ್ಕೆ ತರಿಸಿದ ಈ ರಿಪ್‌ಸ್ಟಾಪ್ (ತೂತಾದರೂ ಹರುಕು ಹರಡದಂತೆ ನೇಯ್ದ) ನೈಲಾನ್ ಪ್ಯಾರಾಶೂಟನ್ನು ಎರಡು ವರ್ಷಗಳಿಂದ ನೀರಿನ ರಾಕೆಟ್ಟಿಗೆ (ಒಳಗೆ ಒತ್ತಿ ತುಂಬಿದ ಗಾಳಿ ನೀರನ್ನು ಹೊರದೂಡುವುದರಿಂದ ಹಾರುವ ಬಾಟಲಿಗೆ) ಕಟ್ಟಿ ಬಳಸುತ್ತಿದ್ದೇವೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿ, ರಟ್ಟಿನ ರೆಕ್ಕೆಗಳು, ಮೂತಿಯನ್ನು ಕಳಚುವ ಪುಟ್ಟ ಟೈಮರ್ ಎಲ್ಲ ಸೇರಿ, ನೀರು ಖಾಲಿಯಾದ ಮೇಲೆ ರಾಕೆಟ್ ಸುಮಾರು 250 ಗ್ರಾಂ ತೂಗುತ್ತದೆ.

ಗಾಳಿಯಿಲ್ಲದ ದಿನ ಇದು ಸೆಕೆಂಡಿಗೆ ಸುಮಾರು 4.5 ಮೀಟರ್ ವೇಗದಲ್ಲಿ ಇಳಿಯುತ್ತದೆ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಪರೀಕ್ಷೆಯಾಗುವುದು ಆಷಾಢದಲ್ಲಿ, ಕಪ್ಪತಗುಡ್ಡದ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವಾಗ. ಸೆಕೆಂಡಿಗೆ 6 ಮೀಟರ್ ಗಾಳಿಯಿದ್ದರೆ, 60 ಮೀಟರ್ ಎತ್ತರದಲ್ಲಿ ಬಿಚ್ಚಿಕೊಂಡ ಪ್ಯಾರಾಶೂಟ್ ಹದಿಮೂರು ಸೆಕೆಂಡು ತೇಲಿ, ಹೆಚ್ಚುಕಡಿಮೆ 80 ಮೀಟರ್ ದೂರ ಸಾಗಿ, ಬದುವಿನ ಜಾಲಿಗಿಡಕ್ಕೆ ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು.

ಬಟ್ಟೆಯ ನಡುವಿನ 12 ಸೆಂ.ಮೀ. ರಂಧ್ರವೇ ಗಾಳಿಗೆ ಪರಿಹಾರವೆಂದು ಮಾರಾಟಗಾರರ ವಿವರಣೆಯಲ್ಲಿತ್ತು. ಇದನ್ನು ನಾನು ಒಪ್ಪುವುದಿಲ್ಲ. ವ್ಯಾಸದ ಐದನೆಯ ಒಂದು ಭಾಗದ ರಂಧ್ರವು ವಿಸ್ತೀರ್ಣದಲ್ಲಿ ಕಳೆಯುವುದು ನೂರಕ್ಕೆ ನಾಲ್ಕನ್ನು ಮಾತ್ರ. ಇಳಿಯುವ ಅವಧಿಯಲ್ಲಿ ಅದರಿಂದ ಕಾಲು ಸೆಕೆಂಡಿನಷ್ಟು ಉಳಿದೀತು. ರಂಧ್ರದ ಉಪಯೋಗ ಬೇರೆ: ಒಳಗೆ ಸಿಕ್ಕಿದ ಗಾಳಿ ಅಂಚಿನಿಂದ ಒಮ್ಮೆ ಅತ್ತ, ಒಮ್ಮೆ ಇತ್ತ ನುಗ್ಗುವ ಬದಲು ಮೇಲಿನಿಂದ ಹೊರಹೋಗುವುದರಿಂದ ಬಾಟಲಿ ತೊಟ್ಟಿಲಿನಂತೆ ತೂಗಾಡುವುದು ನಿಲ್ಲುತ್ತದೆ.

ನಮಗೆ ನಿಜವಾಗಿ ಒದಗಿಬಂದದ್ದು ಇದರ ಉದ್ದನೆಯ, ಗಟ್ಟಿಯಾದ ಎಂಟು ದಾರಗಳು. ಅವೆಲ್ಲವನ್ನೂ ಒಟ್ಟಿಗೆ ಹಿಡಿದು ಇನ್ಸುಲೇಷನ್ ಟೇಪ್ ಸುತ್ತಿದರೆ ಬಟ್ಟೆ ಪೂರ್ತಿ ಅರಳುವುದಿಲ್ಲ. ಸುತ್ತು ಅಂಚಿಗೆ ಹತ್ತಿರವಾದಷ್ಟೂ ಅರಳುವುದು ಕಡಿಮೆ. ಅರಳುವ ವಿಸ್ತೀರ್ಣ ಅರ್ಧವಾದರೆ ಇಳಿಯುವ ವೇಗ ಸುಮಾರು 1.4 ಪಟ್ಟಾಗಿ, 80 ಮೀಟರಿನ ತೇಲಾಟ 56ರ ಆಸುಪಾಸಿಗೆ ಬರುತ್ತದೆ. ಆದರೆ ನೆಲಕ್ಕೆ ಬಡಿಯುವ ಶಕ್ತಿ ಎರಡು ಪಟ್ಟಾಗುತ್ತದೆಂಬುದನ್ನು ಮರೆಯಬಾರದು. ಹಿಂಗಾರಿಗೆಂದು ಹರಗಿಟ್ಟ ಎರಿ ಹೊಲ ಅದನ್ನು ತಾಳಿಕೊಳ್ಳುತ್ತದೆ, ಶಾಲೆಯ ಗರಸಿನ ಮೈದಾನದಲ್ಲಿ ರೆಕ್ಕೆ ಉಳಿಯುವುದಿಲ್ಲ. ಸುತ್ತು ಎಲ್ಲಿರಬೇಕೆಂಬುದನ್ನು ರಾಕೆಟ್ಟಿನಷ್ಟೇ ತೂಕದ ಮರಳಿನ ಚೀಲ ಕಟ್ಟಿ, ಮಾಳಿಗೆಯಿಂದ ಬಿಟ್ಟು ನೋಡಿ, ದಾರಗಳ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡಿದ್ದೇವೆ. ಅಮೆರಿಕದ ರಾಷ್ಟ್ರೀಯ ರಾಕೆಟ್ರಿ ಸಂಘದ ಸುರಕ್ಷತಾ ನಿಯಮವು ಗಂಟೆಗೆ 32 ಕಿ.ಮೀ. ಮೀರಿದ ಗಾಳಿಯಲ್ಲಿ ಉಡಾವಣೆ ಬೇಡವೆನ್ನುತ್ತದೆ. ಮಕ್ಕಳು ಜೊತೆಗಿರುವಾಗ ನಾವು ಅದಕ್ಕೂ ಮೊದಲೇ ನಿಲ್ಲಿಸುತ್ತೇವೆ.

ಬಾಳಿಕೆಯ ಬಗ್ಗೆ ತಕರಾರಿಲ್ಲ. ಬಣ್ಣ ಮಾಸಿದೆ, ಜಾಲಿಮುಳ್ಳು ತೂತು ಮಾಡಿದಲ್ಲಿ ಹರುಕು ಮುಂದುವರಿದಿಲ್ಲ, ಹೊಲಿಗೆಯೂ ಬಿಚ್ಚಿಲ್ಲ. ದಾರಗಳು ಹೆಣೆದುಕೊಳ್ಳುವುದೊಂದೇ ದೊಡ್ಡ ಕೊರತೆ. ಮೀನು ಗಾಳದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುವ ಸ್ವಿವೆಲ್ (ಸುತ್ತಲೂ ತಿರುಗುವ ಪುಟ್ಟ ಕೊಂಡಿ) ಹಾಕಿದ ಮೇಲೆ ಅದು ಬಹಳಮಟ್ಟಿಗೆ ತಗ್ಗಿತು. ಇಷ್ಟನ್ನು ತಯಾರಕರೇ ಜೊತೆಗೆ ಕೊಡಬಹುದಿತ್ತು. ಎರಿಮಣ್ಣು ಹತ್ತಿದರೆ ತೊಳೆದು ನೆರಳಿನಲ್ಲಿ ಒಣಗಿಸಿಯೇ ಮಡಚಬೇಕು, ಹಸಿಯಾಗಿ ಮಡಚಿದ ಬಟ್ಟೆ ಮೇಲೆ ಹೋದಾಗ ಬೇಗ ಬಿಚ್ಚಿಕೊಳ್ಳುವುದಿಲ್ಲ. ಅರ್ಧ ಲೀಟರಿನ ಬಾಟಲಿ ಹಾರಿಸುವವರಿಗೆ ಇದು ಅನಗತ್ಯವಾಗಿ ದೊಡ್ಡದು. ಅವರಿಗೆ ತೆಳು ಪ್ಲಾಸ್ಟಿಕ್ಕಿನ ಉದ್ದ ಪಟ್ಟಿಯೊಂದೇ ಸಾಕು.