ಆರ್ಥೊಡಾಂಟಿಕ್ಸ್ ಸೀಟು ‘ಬ್ಲಾಕ್’ ಮಾಡಿಸಿಕೊಡುತ್ತೇವೆ ಎನ್ನುವವರ ಮೆಟ್ಟಿಲು ಹತ್ತಬೇಡಿ

ಮಗಳಿಗೆ ಸೀಟು ಕೊಡಿಸುತ್ತೇನೆಂದು ನನ್ನಿಂದ ಹಣ ಪಡೆದಿದ್ದ ಪ್ರವೇಶ ಸಲಹೆಗಾರನಿಂದ ನಿನ್ನೆ ಬೆಳಿಗ್ಗೆ ಮತ್ತೆ ವಾಟ್ಸ್ಆ್ಯಪ್ ಸಂದೇಶ ಬಂದಿತು. ಬರುವ ವರ್ಷದ ಎಂ.ಡಿ.ಎಸ್. (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಪ್ರವೇಶಕ್ಕೆ ಬುಕಿಂಗ್ ಆರಂಭವಾಗಿದೆಯಂತೆ, ಹಳೆಯ ಗ್ರಾಹಕರಿಗೆ ರಿಯಾಯಿತಿ ಇದೆಯಂತೆ. ಹಳೆಯ ಗ್ರಾಹಕ ಎಂದರೆ ನಾನು. ಬರೆದರೆ ನಮ್ಮ ಮಾನವೇ ಹೋಗುತ್ತದೆ ಎಂದು ಇಷ್ಟು ದಿನ ತಡೆದಿದ್ದ ಹೆಂಡತಿಯೇ ಆ ಸಂದೇಶ ನೋಡಿ, ‘ಬರೆದುಬಿಡಿ’ ಎಂದಳು.

ನಾನು 33 ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾಗಿ ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿದವನು. ಓಟಿಪಿ ಯಾರಿಗೂ ಹೇಳಬೇಡಿ, ಓದದೆ ಸಹಿ ಹಾಕಬೇಡಿ ಎಂದು ಕೌಂಟರಿನ ಆಚೆ ನಿಂತವರಿಗೆಲ್ಲ ಸಾವಿರ ಸಲ ಹೇಳಿದ ಬಾಯಿ ಇದು. ಅಂಥ ನಾನೇ ಮಗಳ ಕೌನ್ಸೆಲಿಂಗ್ (ಸೀಟು ಹಂಚಿಕೆ) ಖಾತೆಯ ಪಾಸ್‌ವರ್ಡ್, ಓಟಿಪಿ, ಮೂಲ ಪ್ರಮಾಣಪತ್ರಗಳು ಎಲ್ಲವನ್ನೂ ಪುಣೆಯ ಶಿವಾಜಿನಗರದ ಒಂದು ಪ್ರವೇಶ ಸಲಹಾ ಕಚೇರಿಗೆ ಕೈಯಾರೆ ಒಪ್ಪಿಸಿ ಬಂದೆ.

ಮಗಳು ಬಿ.ಡಿ.ಎಸ್. ಮತ್ತು ಇಂಟರ್ನ್‌ಶಿಪ್ ಮುಗಿಸಿ ನೀಟ್-ಎಂ.ಡಿ.ಎಸ್. ಪ್ರವೇಶ ಪರೀಕ್ಷೆ ಬರೆದಿದ್ದಳು. ಅವಳಿಗೆ ಆರ್ಥೊಡಾಂಟಿಕ್ಸ್, ಅಂದರೆ ಸೊಟ್ಟ ಹಲ್ಲುಗಳನ್ನು ಸರಿಪಡಿಸುವ ವಿಭಾಗ, ಬಿಟ್ಟು ಬೇರೇನೂ ಬೇಡ. ಅದು ಬೇಗ ಖಾಲಿಯಾಗುವ ವಿಭಾಗ, ಒಂದೊಂದು ಕಾಲೇಜಿನಲ್ಲಿ ಬೆರಳೆಣಿಕೆಯಷ್ಟು ಸೀಟು, ಇವಳ ರ್‍ಯಾಂಕೋ ಅತ್ತ ಒಳ್ಳೆಯದೂ ಅಲ್ಲ, ಇತ್ತ ಕೈಬಿಡುವಂಥದ್ದೂ ಅಲ್ಲ. ಇಂಥ ನಡುವಿನ ರ್‍ಯಾಂಕಿನವರೇ ಇವರಿಗೆ ಬೇಕು ಎಂಬುದು ಈಗ ಅರ್ಥವಾಗಿದೆ.

ಹೆಸರು, ಊರು ಕೇಳಿದ ಕೂಡಲೇ ಆ ಕಚೇರಿಯ ಸಲಹೆಗಾರ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದ. ‘ಅರೆ, ನೀವು ನಮ್ಮವರೇ ಅದೀರಿ! ನಮ್ಮದು ಧಾರವಾಡ ಕಡೆ ರೀ.’ ಚಹಾ ತರಿಸಿದ. ಹೊರನಾಡಿನಲ್ಲಿ ಇದ್ದವರಿಗೆ ಈ ಒಂದು ಮಾತು ಏನು ಮಾಡುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ‘ಡೀಮ್ಡ್ ಕಾಲೇಜಿನ ಮ್ಯಾನೇಜ್‌ಮೆಂಟ್ ಕೋಟಾದಾಗ ಎರಡು ಆರ್ಥೋ ಸೀಟ್ ನಮ್ಮ ಕೈಯಾಗ ಅದಾವ, ಒಂದು ನಿಮ್ಮ ಮಗಳಿಗೆ ಬ್ಲಾಕ್ ಮಾಡೂಣು’ ಎಂದ. ಡೀಮ್ಡ್ ಎಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆ, ಬ್ಲಾಕ್ ಎಂದರೆ ಸೀಟನ್ನು ಮೊದಲೇ ಹಿಡಿದಿಡುವುದು. ನಾನು 1,50,000 ರೂಪಾಯಿ ಕೊಟ್ಟೆ. ರಸೀದಿಯಲ್ಲಿ ‘ಶೈಕ್ಷಣಿಕ ಮಾರ್ಗದರ್ಶನ ಶುಲ್ಕ, ಹಿಂತಿರುಗಿಸಲಾಗದು’ ಎಂದು ಸಣ್ಣ ಅಕ್ಷರದಲ್ಲಿ ಇದ್ದುದನ್ನು ನಾನು ಓದಿದ್ದು ಎರಡು ತಿಂಗಳ ನಂತರ.

ಕೌನ್ಸೆಲಿಂಗ್‌ನ ಮೊದಲ ಸುತ್ತಿನಲ್ಲಿ ಯಾವ ಸೀಟೂ ಬರಲಿಲ್ಲ. ‘ಗಾಬರಿ ಆಗಬ್ಯಾಡ್ರಿ, ನಮ್ಮದು ಎರಡನೇ ಸುತ್ತಿನಾಗ’ ಎಂದ. ಎರಡನೇ ಸುತ್ತಿನ ಫಲಿತಾಂಶ ಬಂದ ರಾತ್ರಿ ಮಗಳು ಪಟ್ಟಿಯಲ್ಲಿ ತನ್ನ ರ್‍ಯಾಂಕನ್ನು ಹುಡುಕಿದಳು. ಸೀಟು ಇತ್ತು, ಆದರೆ ಬಾಯಿಯ ರೋಗಗಳನ್ನು ಅಧ್ಯಯನ ಮಾಡುವ ಓರಲ್ ಪೆಥಾಲಜಿ! ಅದೂ ನಾವು ಹೆಸರೇ ಎತ್ತದ ಕಾಲೇಜಿನಲ್ಲಿ. ಅವಳು ಅಳಲಿಲ್ಲ, ‘ಪಪ್ಪಾ, ನನ್ನ ಆಯ್ಕೆ ಪಟ್ಟಿಯನ್ನು ಲಾಕ್ ಮಾಡಿದ್ದು ಯಾರು?’ ಎಂದು ಕೇಳಿದಳು. ಯಾವ ಕಾಲೇಜಿನ ಯಾವ ವಿಭಾಗ ಮೊದಲು ಬೇಕೆಂದು ತುಂಬುವ, ಲಾಕ್ ಆದ ಆ ಪಟ್ಟಿಯನ್ನು ತೆರೆದು ನೋಡಿದರೆ ಆರ್ಥೋ ಇದ್ದದ್ದು ಇವಳ ರ್‍ಯಾಂಕಿಗೆ ಎಂದೂ ಎಟುಕದ ಎರಡು ಕಾಲೇಜುಗಳಲ್ಲಿ ಮಾತ್ರ, ಉಳಿದದ್ದೆಲ್ಲ ಯಾರಿಗೂ ಬೇಡದೆ ಕೊನೆಗೆ ಉಳಿಯುವ ಸೀಟುಗಳು. ಬ್ಲಾಕ್ ಎಂಬುದು ಏನೂ ಇರಲಿಲ್ಲ. ಏನೂ ಇರಲಿಲ್ಲ.

ಫೋನ್ ಮಾಡಿದೆ. ‘ಸೀಟ್ ಸಿಕ್ಕಿತಲ್ಲರಿ! ಎಂ.ಡಿ.ಎಸ್. ಅಂದ್ರ ಎಂ.ಡಿ.ಎಸ್.ನ ಅಲ್ರೀ?’ ಮೂರು ವರ್ಷ ಯಾವ ವಿಭಾಗದಲ್ಲಿ ಓದುತ್ತೇವೆ ಎಂಬುದು ಜೀವನಪರ್ಯಂತದ ವೃತ್ತಿ ಎಂದು ನಾನು ಕೂಗಾಡಿದೆ. ‘ಮೊದಲು ಸೇರಿಸ್ರಿ, ಆಮ್ಯಾಲ ಬ್ರ್ಯಾಂಚ್ ಬದಲಿ ಮಾಡಸ್ತೀನಿ, ಅದಕ್ಕ ಬ್ಯಾರೆ ಖರ್ಚು ಆಗತೈತಿ’ ಎಂಬ ಉತ್ತರ ಬಂತು. ಆ ಘಳಿಗೆಯಲ್ಲಿಯೂ ನನ್ನ ಮನಸ್ಸು ಒಂದು ಕ್ಷಣ ‘ಎಷ್ಟು ಖರ್ಚು?’ ಎಂದು ಲೆಕ್ಕ ಹಾಕಿತು. ಇದನ್ನು ಹೇಳಿಕೊಳ್ಳಲು ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತದೆ.

ಎರಡನೇ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ. ಡೀಮ್ಡ್ ಸೀಟುಗಳಿಗೆಂದು ಕಟ್ಟಿದ್ದ 2,00,000 ರೂಪಾಯಿ ಹಾಗೆ ಹೋಯಿತು. ಇನ್ನೊಂದು ಸುತ್ತಿಗೆ ಹೊಸದಾಗಿ ಹಣ ಹೊಂದಿಸಲು ನನ್ನಲ್ಲಿ ಚೈತನ್ಯ ಉಳಿದಿರಲಿಲ್ಲ, ಮೂಲ ಪ್ರಮಾಣಪತ್ರಗಳು ಬೇರೆ ಅವನ ಕಪಾಟಿನಲ್ಲಿದ್ದವು. ಅವುಗಳಿಗಾಗಿ ಮೂರು ಸಲ ಕಲ್ಯಾಣದಿಂದ ರೈಲು ಹಿಡಿದು ಪುಣೆಗೆ ಹೋದೆ. ಮೊದಲ ಸಲ ‘ಸಾಹೇಬರು ಊರಲ್ಲಿಲ್ಲ’, ಎರಡನೆಯ ಸಲ ‘ಕೀಲಿಕೈ ಅವರ ಹತ್ತಿರವೇ ಇದೆ’. ಮೂರನೆಯ ಸಲ ಒಂದು ಕಾಗದ ಮುಂದೆ ತಳ್ಳಿದ: ಸೇವೆ ತೃಪ್ತಿಕರವಾಗಿ ದೊರೆತಿದೆ, ಯಾವುದೇ ತಕರಾರಿಲ್ಲ. ಸಹಿ ಹಾಕದಿದ್ದರೆ ಪದವಿ ಪ್ರಮಾಣಪತ್ರ ಇಲ್ಲ. ಈ ಸಲ ಪ್ರತಿ ಸಾಲನ್ನೂ ಓದಿದೆ, ಓದಿಯೇ ಸಹಿ ಹಾಕಿದೆ. ನನ್ನನ್ನು ಕೆಳಗಿನವರೆಗೆ ಬೀಳ್ಕೊಡುತ್ತಾ ಆತ ‘ಊಟ ಮಾಡಿ ಹೋಗ್ರಿ’ ಎಂದ. ಧಾರವಾಡದವರು ದಯವಿಟ್ಟು ಬೇಸರಿಸಬೇಡಿ, ಆತ ನಿಜಕ್ಕೂ ಅಲ್ಲಿಯವನೇ ಎಂಬ ನಂಬಿಕೆಯೂ ನನಗೆ ಈಗ ಉಳಿದಿಲ್ಲ.

ಡೀಮ್ಡ್ ವಿಶ್ವವಿದ್ಯಾಲಯಗಳ ಮ್ಯಾನೇಜ್‌ಮೆಂಟ್ ಸೀಟುಗಳೂ ಎಂ.ಸಿ.ಸಿ. (ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಕೌನ್ಸೆಲಿಂಗ್‌ನಲ್ಲಿಯೇ, ರ್‍ಯಾಂಕ್ ಮತ್ತು ಆಯ್ಕೆ ಪಟ್ಟಿಯ ಪ್ರಕಾರವೇ ಹಂಚಿಕೆಯಾಗುತ್ತವೆ. ಮಹಾರಾಷ್ಟ್ರದ ರಾಜ್ಯ ಕೋಟಾ ಸೀಟುಗಳನ್ನು ಆ ರಾಜ್ಯದ ಪ್ರವೇಶ ಸಂಸ್ಥೆಯಾದ ಸಿ.ಇ.ಟಿ. ಸೆಲ್ ನೋಡಿಕೊಳ್ಳುತ್ತದೆ. ನಡುವೆ ಯಾರ ಕೈಯಲ್ಲಿಯೂ ‘ಎರಡು ಸೀಟ್’ ಇರುವುದಿಲ್ಲ. ಹಿಂದಿನ ಸುತ್ತುಗಳ ಹಂಚಿಕೆ ಪಟ್ಟಿಗಳು ಎಂ.ಸಿ.ಸಿ. ಜಾಲತಾಣದಲ್ಲಿಯೇ ಇವೆ, ಯಾವ ರ್‍ಯಾಂಕಿಗೆ ಯಾವ ಕಾಲೇಜಿನಲ್ಲಿ ಆರ್ಥೋ ಸಿಕ್ಕಿದೆ ಎಂದು ಮನೆಯಲ್ಲಿ ಕುಳಿತೇ ನೋಡಬಹುದು. ಒಂದೂವರೆ ಲಕ್ಷ ಕೊಟ್ಟು ನಾನು ಕಲಿತದ್ದು ಇಷ್ಟೇ. ಪಾಸ್‌ವರ್ಡ್ ಕೊಡಬೇಡಿ, ಮೂಲ ಪ್ರತಿ ಬಿಡಬೇಡಿ, ಕನ್ನಡ ಮಾತಾಡಿದ ಎಂದು ಕರಗಬೇಡಿ.

ಮಗಳು ಈಗ ಠಾಣೆ ನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾ ಮತ್ತೆ ಓದುತ್ತಿದ್ದಾಳೆ. ಈ ಸಲದ ಆಯ್ಕೆ ಪಟ್ಟಿಯನ್ನು ತಾನೇ ತಯಾರಿಸಿಕೊಳ್ಳುತ್ತಾಳಂತೆ. ಪಾಸ್‌ವರ್ಡನ್ನು ನನಗೂ ಹೇಳುವುದಿಲ್ಲವಂತೆ.