ಒಂದೇ ಕುರ್ಚಿಗೆ ಮೂವರು: ನಮ್ಮ ಸೀಟ್ ಬುಕಿಂಗ್ ಆ್ಯಪ್
ನಮ್ಮ ಕಾಲ್ ಸೆಂಟರ್‌ನಲ್ಲಿ 120 ಜನ, ಮೂರು ಪಾಳಿ. ಪಾಳಿಗೆ 40 ಜನ, ಹಾಗಾಗಿ 40 ಸೀಟು ಸಾಕು ಅಂತ ಆ್ಯಪ್ ಹೇಳಿಬಿಟ್ಟಿತು. ಲೆಕ್ಕವೇನೋ ಸರಿ. ಆದರೆ ಮಧ್ಯಾಹ್ನ 2ಕ್ಕೆ ಹೋಗುವವರ ಕಾಲ್ ಮುಗಿದಿರುವುದಿಲ್ಲ, ಬಂದವರು ಹೆಡ್‌ಸೆಟ್ ಕೊರಳಿಗೆ ಹಾಕಿಕೊಂಡು ಅವರ ಬೆನ್ನ ಹಿಂದೆಯೇ ನಿಂತಿರುತ್ತಾರೆ. ಎಷ್ಟು ಸೀಟು ಬೇಕೆಂದು ತಿಳಿಯುವುದೇ ಆ ಅರ್ಧ ಗಂಟೆಯಲ್ಲಿ. ಆ್ಯಪ್‌ಗೆ ಅದು ಕಾಣುವುದಿಲ್ಲ. ಕೊನೆಗೆ ನಾನೇ ಪಾಳಿಯ ಆರಂಭವನ್ನು 15 ನಿಮಿಷದ ಅಂತರದಲ್ಲಿ ತಂಡ ತಂಡವಾಗಿ ಹಂಚಿ, 6 ಸೀಟು ಹೆಚ್ಚಿಗೆ ಹಾಕಿಸಿದೆ. ನೂಕುನುಗ್ಗಲು ತಗ್ಗಿತು. ಬುಕ್ ಮಾಡಿ ಬಾರದವರ ಸೀಟು ತಾನಾಗಿ ಖಾಲಿಯಾಗುವುದು ಮಾತ್ರ ಬಹಳ ಚೆನ್ನಾಗಿದೆ. ಕುರ್ಚಿಯ ಎತ್ತರ? ನನಗಿಂತ ಮುಂಚೆ ಕೂರುವವರು ಆರಡಿ ಆಳು, ನನ್ನ ಕಾಲು ನೆಲಕ್ಕೆ ಎಟುಕುವುದೇ ಇಲ್ಲ! ಐದಕ್ಕೆ ಮೂರು ಸ್ಟಾರ್.